ಹೊಣೆಯ ಮಿತಿ ಮತ್ತು ಆಸೆಯ ಮಿತಿ

ಘಟಪ್ರಭೆಯ ದಡದಲ್ಲಿರುವ ಬೀಳಗಿ ತಾಲ್ಲೂಕಿನ ಅನಗವಾಡಿಯ ಕಡೆಯ ಮೂವರು ತರುಣ ಧರ್ಮಬಂಧುಗಳು ಈಚೆಗೆ ನನ್ನನ್ನು ಕಾಣಲು ಬಂದಿದ್ದರು. ಸುತ್ತಲಿನ ರೈತರಿಂದ ಕಡಲೆ, ತೊಗರಿಗಳನ್ನು ಕೊಂಡು ಬೇಳೆ ಮಾಡುವ ಗಿರಣಿಯೊಂದನ್ನು ಸ್ಥಾಪಿಸುವ ಸಂಕಲ್ಪ ಅವರದು. ಯಂತ್ರ, ಜಾಗ, ವಿದ್ಯುತ್ತು, ಮಾರುಕಟ್ಟೆ ಎಲ್ಲವನ್ನೂ ಚೆನ್ನಾಗಿ ವಿಚಾರಿಸಿಕೊಂಡಿದ್ದರು. ಅವರಲ್ಲಿ ಹಿರಿಯನಾದವನು ಏಳುವ ಹೊತ್ತಿಗೆ ಒಂದು ಮಾತು ಕೇಳಿದ: “ಪಾಲುದಾರಿಕಿ ಬ್ಯಾಡ, ಲಿಮಿಟೆಡ್ ಮಾಡಿಕೊಳ್ರಿ ಅಂತ ಲೆಕ್ಕ ನೋಡೋರು ಹೇಳ್ಯಾರ್ರೀ. ಹಂಗ ಮಾಡಿದರ ನಾಳೆ ಧಂಧೆ ಮುಳುಗಿದರೂ ನಮ್ಮ ಮನಿ, ಹೊಲ ಉಳೀತಾವಂತ. ಇದು ಧರ್ಮಕ್ಕ ಒಪ್ಪತೈತೇನ್ರೀ?”

ಆ ದಿನ ನಾನು ಕೊಟ್ಟ ಉತ್ತರ ಅವಸರದ್ದು. ದೇಶದ ಕಾಯಿದೆ ಒಪ್ಪಿದ್ದನ್ನು ಧರ್ಮವೇಕೆ ಬೇಡವೆಂದೀತು ಎಂದು ಹೇಳಿ ಕಳುಹಿಸಿದೆ. ಅವರು ಹೋದ ಮೇಲೆ ಆ ಉತ್ತರ ಸಾಲದೆನಿಸಿತು. ಮುಳುಗುವ ಧಂಧೆಯಲ್ಲಿ ಮೂವರ ಮನೆ ಉಳಿದರೆ ಆ ನಷ್ಟ ಎಲ್ಲಿಗೆ ಹೋಗುತ್ತದೆ? ನಷ್ಟವೆಂಬುದು ಕಾಯಿದೆಯಿಂದ ಮಾಯವಾಗುವ ವಸ್ತುವಲ್ಲ. ಒಬ್ಬರ ಹೆಗಲಿನಿಂದ ಇಳಿದರೆ ಇನ್ನೊಬ್ಬರ ಹೆಗಲನ್ನು ಏರಲೇಬೇಕು. ಸೀಮಿತ ಹೊಣೆಯ ಕಂಪನಿ ಎಲ್ಲಿಂದ ಬಂತು, ಯಾವ ಉದ್ಯಮಗಳಿಗೆ ಒದಗಿತು, ಅದರ ಭಾರವನ್ನು ಯಾರು ಹೊತ್ತರು ಎಂಬುದನ್ನು ಚರಿತ್ರೆಯಲ್ಲಿ ಪರಿಶೀಲಿಸಿ, ಆ ತರುಣನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯಲು ಯತ್ನಿಸುತ್ತೇನೆ.

ಮಿತಿಯಿಲ್ಲದ ಹೊಣೆಯ ಕಾಲ

ವರ್ತಕರು ಸಂಘಟಿತರಾಗುವುದು ನಮ್ಮ ನಾಡಿಗೆ ಹೊಸತಲ್ಲ. ಅನಗವಾಡಿ ಇರುವ ಬಾಗಲಕೋಟೆ ಜಿಲ್ಲೆಯಲ್ಲಿಯೇ, ಮಲಪ್ರಭೆಯ ದಡದಲ್ಲಿ ಐಹೊಳೆಯಿದೆ. ಕ್ರಿ.ಶ. ೬೩೪ರಲ್ಲಿ ರವಿಕೀರ್ತಿಯು ಮೇಗುತಿಯ ಜಿನಾಲಯವನ್ನು ಕಟ್ಟಿಸಿದ ಆ ಐಹೊಳೆಯ ಹೆಸರನ್ನು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕಸಂಘವು ದಕ್ಷಿಣಾಪಥದಲ್ಲೆಲ್ಲ ಹಬ್ಬಿ, ಕಡಲಾಚೆಯ ಸುಮಾತ್ರದವರೆಗೂ ತನ್ನ ಕುರುಹನ್ನು ಬಿಟ್ಟಿದೆ. ರಬಕವಿ-ಬನಹಟ್ಟಿಯ ನೆರೆಯ ತೇರದಾಳದಲ್ಲಿ ಮಾಂಡಲಿಕ ಗೊಂಕನು ಕಟ್ಟಿಸಿದ ನೇಮಿನಾಥ ಬಸದಿಯ ಶಾಸನವು ಶಕವರ್ಷ ೧೦೪೫ರದು, ಎಂದರೆ ಕ್ರಿ.ಶ. ೧೧೨೩ರ ಸುಮಾರಿನದು. ಮುಂದಿನ ದಶಕಗಳ ದತ್ತಿಗಳೂ ಆ ಶಾಸನದೊಡನೆ ಸೇರಿವೆ. ಐನೂರ್ವರ ಪರಂಪರೆಯ ವರ್ತಕರು ಈ ಬಸದಿಯ ಪೋಷಕರಲ್ಲಿ ಸೇರಿದ್ದರೆಂಬುದು ನಮ್ಮ ಸಮಾಜದ ಚರಿತ್ರೆಯಲ್ಲಿ ಗಮನಾರ್ಹ ಸಂಗತಿ.

ಆದರೆ ಐನೂರ್ವರ ಸಂಘವನ್ನು ಇಂದಿನ ಅರ್ಥದ ಕಂಪನಿಯೆಂದು ತಿಳಿಯಬಾರದು. ಅದು ಎಲ್ಲರ ಹಣವನ್ನು ಒಂದೇ ಮೂಲಧನವಾಗಿ ಕೂಡಿಸಿ, ಲಾಭವನ್ನು ಶೇರಿನ ಲೆಕ್ಕದಲ್ಲಿ ಹಂಚುವ ಸಂಸ್ಥೆಯಲ್ಲ. ಅದು ವರ್ತಕರಿಗೆ ಸಮಾನ ಕಟ್ಟಳೆಯನ್ನು, ರಕ್ಷಣೆಯನ್ನು, ನಂಬಿಕೆಗೆ ಒಂದು ಹೆಸರನ್ನು ಕೊಟ್ಟ ಸಮಯಸಂಘ. ಸರಕು ಆಯಾ ವರ್ತಕನದು, ಲಾಭನಷ್ಟವೂ ಅವನದೇ. ಸಂಘದ ಹೆಸರು ಸಾಲದಿಂದ ತಪ್ಪಿಸಿಕೊಳ್ಳುವ ಮರೆಯಾಗಿರಲಿಲ್ಲ.

ಮುಂದಿನ ಶತಮಾನಗಳ ಪೇಢಿ, ಅಡತಿ ಅಂಗಡಿಗಳ ವ್ಯವಹಾರವೂ ಇದೇ ನೆಲೆಯ ಮೇಲೆ ನಿಂತಿತ್ತು. ಅಂಗಡಿಯ ಸಾಲವೇ ಮನೆಯ ಸಾಲ. ತಂದೆಯ ಸಾಲವನ್ನು ತೀರಿಸುವುದು ಮಗನ ಪವಿತ್ರ ಕರ್ತವ್ಯವೆಂದು ಧರ್ಮಶಾಸ್ತ್ರದಿಂದ ಬಂದ ನಿಯಮವನ್ನು ಬ್ರಿಟಿಷ್ ನ್ಯಾಯಾಲಯಗಳೂ ಒಪ್ಪಿಕೊಂಡಿದ್ದವು. ಅನಗವಾಡಿಗೆ ಸಮೀಪದ ಕಲಾದಗಿಯು ಜಿಲ್ಲಾಕೇಂದ್ರವಾಗಿದ್ದ ಕಾಲದಲ್ಲಿ ಈ ಸೀಮೆ ಸೇರಿದ್ದ ಮುಂಬಯಿ ಪ್ರಾಂತದಲ್ಲಂತೂ, ತಂದೆ ಏನನ್ನೂ ಬಿಟ್ಟುಹೋಗದಿದ್ದರೂ ಮಗ ಸಾಲಕ್ಕೆ ಹೊಣೆಯಾಗುತ್ತಿದ್ದ. ೧೮೬೬ರ ಮುಂಬಯಿಯ ೭ನೆಯ ಕಾಯಿದೆಯು ಈ ಹೊಣೆಯನ್ನು ಮಗನ ಕೈಗೆ ಬಂದ ಪಿತ್ರಾರ್ಜಿತದ ಮಟ್ಟಕ್ಕೆ ಇಳಿಸಿತು. ಪವಿತ್ರ ಕರ್ತವ್ಯದ ಹೆಸರಿನಲ್ಲಿ ಮಗನ ಮೇಲೆ ಸಾಲ ಹೊರಿಸುವ ಪದ್ಧತಿಯನ್ನು ಪೂರ್ಣವಾಗಿ ನಿಲ್ಲಿಸಿದ್ದು ೨೦೦೫ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ.

ಈ ಹಳೆಯ ಪದ್ಧತಿಯನ್ನು ಬರಿದೇ ಹೊಗಳಲಾಗದು. ಅದರಲ್ಲಿ ಮಾತಿನ ಘನತೆಯಿತ್ತು. ಹುಟ್ಟುವ ಮೊದಲೇ ಸಾಲಗಾರರಾದ ಮಕ್ಕಳ ಕಣ್ಣೀರೂ ಇತ್ತು. ಹೊಣೆಗೆ ಒಂದು ಮಿತಿ ಬೇಕೆಂಬ ವಿಚಾರ ಹುಟ್ಟಿದ್ದು ಕೇವಲ ಲೋಭದಿಂದಲ್ಲ ಎಂಬುದನ್ನು ನಾವು ಒಪ್ಪಬೇಕು.

ಮಿತಿ ಹುಟ್ಟಿದ ಬಗೆ

ರೈಲುದಾರಿ, ಹಡಗು, ದೊಡ್ಡ ಗಿರಣಿಗಳ ಯುಗದಲ್ಲಿ ಒಂದು ಮನೆತನದ ತಿಜೋರಿ ಸಾಲದಾಯಿತು. ಒಬ್ಬರನ್ನೊಬ್ಬರು ಕಂಡರಿಯದ ಸಾವಿರಾರು ಜನ ತಲಾ ಸ್ವಲ್ಪ ಹಣ ಹಾಕಬೇಕು; ಆದರೆ ತಾನು ನೋಡದ ಆಡಳಿತಗಾರನ ತಪ್ಪಿಗೆ ತನ್ನ ಮನೆಯನ್ನೇ ಒಡ್ಡಿ ಹಣ ಹಾಕುವವರು ಯಾರು? ಈ ತೊಡಕಿಗೆ ಇಂಗ್ಲೆಂಡು ೧೮೫೫ರ ಕಾಯಿದೆಯಲ್ಲಿ ಪರಿಹಾರ ಕಂಡುಕೊಂಡಿತು. ಶೇರಿನ ಬೆಲೆಯನ್ನು ಪೂರ್ತಿಯಾಗಿ ಕೊಟ್ಟವನಿಂದ ಕಂಪನಿಯ ಸಾಲಕ್ಕಾಗಿ ಇನ್ನೇನನ್ನೂ ಕೇಳುವಂತಿಲ್ಲ ಎಂಬುದು ಅದರ ತಿರುಳು. ಭಾರತದಲ್ಲಿ ೧೮೫೦ರ ೪೩ನೆಯ ಕಾಯಿದೆಯು ಕಂಪನಿಗಳ ನೋಂದಣಿಗೆ ದಾರಿ ಮಾಡಿತ್ತು. ಸೀಮಿತ ಹೊಣೆಯ ಸೌಲಭ್ಯ ಬಂದದ್ದು ೧೮೫೭ರ ೧೯ನೆಯ ಕಾಯಿದೆಯಿಂದ. ಬ್ಯಾಂಕುಗಳಿಗೆ ಆ ಸೌಲಭ್ಯ ದೊರೆತದ್ದು ೧೮೬೦ರಲ್ಲಿ.

ಈ ಸೌಲಭ್ಯ ಪುಕ್ಕಟೆಯಾಗಿ ಬಂದುದಲ್ಲ. ಕಂಪನಿಯ ಹೆಸರಿನ ಕೊನೆಗೆ ‘ಲಿಮಿಟೆಡ್’ ಎಂಬ ಪದವಿರಬೇಕು. ಆ ಹೆಸರು ಕಚೇರಿಯ ಬಾಗಿಲಿನಲ್ಲಿ, ಪತ್ರಗಳಲ್ಲಿ ಎಲ್ಲರಿಗೂ ಕಾಣುವಂತಿರಬೇಕು. ಮೂಲಧನವೆಷ್ಟು, ಸದಸ್ಯರು ಯಾರು ಎಂಬುದು ಸರಕಾರಿ ದಫ್ತರದಲ್ಲಿ ದಾಖಲಾಗಬೇಕು. ‘ನಮ್ಮ ಹೊಣೆ ಇಷ್ಟೇ, ತಿಳಿದು ವ್ಯವಹರಿಸಿರಿ’ ಎಂದು ಲೋಕಕ್ಕೆ ಮೊದಲೇ ಸಾರಿ ಹೇಳುವ ಎಚ್ಚರಿಕೆಯ ಪದವದು. ಇಂದು ನಾವು ಆ ಪದವನ್ನು ಪ್ರತಿಷ್ಠೆಯ ಗುರುತೆಂದು ಫಲಕದ ಮೇಲೆ ಬರೆಸುತ್ತೇವೆ. ಹುಟ್ಟಿದಾಗ ಅದು ಎಚ್ಚರಿಕೆಯಾಗಿತ್ತು. ಪಾರದರ್ಶಕತೆಗೆ ಪ್ರತಿಯಾಗಿ ರಕ್ಷಣೆ ಎಂಬುದೇ ಇಲ್ಲಿಯ ಒಪ್ಪಂದ.

ಮಿತಿಯಿಲ್ಲದ ಹೊಣೆ ಎಷ್ಟು ಕ್ರೂರವಾಗಬಲ್ಲದೆಂಬುದಕ್ಕೆ ಸ್ಕಾಟ್ಲೆಂಡಿನ ಒಂದು ದೃಷ್ಟಾಂತ ಸಾಕು. ೧೮೭೮ರಲ್ಲಿ ಸಿಟಿ ಆಫ್ ಗ್ಲಾಸ್ಗೋ ಬ್ಯಾಂಕು ತನ್ನ ನಿರ್ದೇಶಕರ ಸುಳ್ಳು ಲೆಕ್ಕಗಳಿಂದ ಮುಳುಗಿತು. ಅದು ಸೀಮಿತ ಹೊಣೆಯ ಬ್ಯಾಂಕಾಗಿರಲಿಲ್ಲ. ೧,೮೧೯ ಶೇರುದಾರರಲ್ಲಿ ಸಾಲ ತೀರಿಸಿ ಉಳಿದವರು ೨೫೪ ಮಂದಿ ಮಾತ್ರ. ತಪ್ಪು ಮಾಡಿದವರು ಕೆಲವರು, ಬೀದಿಗೆ ಬಿದ್ದವರು ಏನೂ ಅರಿಯದ ನೂರಾರು ಕುಟುಂಬಗಳು. ಅಂಥವರಿಗೆ ಮಿತಿಯೆಂಬುದು ಕರುಣೆಯೇ ಸರಿ.

ಹತ್ತಿಯ ಬಂಗಾರ

ಆದರೆ ಅದೇ ಮಿತಿ ಆಸೆಯ ಕೈಗೆ ಸಿಕ್ಕಿದಾಗ ಏನಾಗುತ್ತದೆಂಬುದನ್ನು ನಮ್ಮ ಪ್ರಾಂತದ ರಾಜಧಾನಿಯಾಗಿದ್ದ ಮುಂಬಯಿ ಅದಕ್ಕೂ ಮೊದಲೇ ಕಂಡಿತ್ತು. ೧೮೬೧ರಿಂದ ೧೮೬೫ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತುಹೋಗಿ, ಇಂಗ್ಲೆಂಡಿನ ಗಿರಣಿಗಳು ಭಾರತದ ಹತ್ತಿಗೆ ಕೈಚಾಚಿದವು. ಧಾರವಾಡ ಸೀಮೆಯಲ್ಲಿ ಬೆಳೆಯುತ್ತಿದ್ದ ಅಮೆರಿಕನ್ ತಳಿಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಆ ಹಣದ ಹೊಳೆ ಮುಂಬಯಿಯಲ್ಲಿ ಹೊಸ ಬ್ಯಾಂಕುಗಳಾಗಿ, ಹಣಕಾಸಿನ ಕಂಪನಿಗಳಾಗಿ, ಸಮುದ್ರ ಹೂಳಿ ನೆಲ ಮಾಡುವ ಕಂಪನಿಗಳಾಗಿ ಉಕ್ಕಿತು. ಹೊಸ ಕಾಯಿದೆಯ ಪ್ರಕಾರ ಕಂಪನಿ ಕಟ್ಟುವುದು ಸುಲಭವಾಗಿತ್ತು. ಇನ್ನೂ ಒಂದು ಗಜ ನೆಲವನ್ನೂ ಎತ್ತದ ಕಂಪನಿಗಳ ಶೇರುಗಳು ಮುಖಬೆಲೆಯ ಹಲವು ಪಟ್ಟಿಗೆ ಮಾರಾಟವಾದವು.

ಈ ಸಂಭ್ರಮದ ಮಧ್ಯದಲ್ಲಿದ್ದವರು ನಮ್ಮದೇ ಜೈನಸಮಾಜದ ಶ್ವೇತಾಂಬರ ವರ್ತಕ, ಸೂರತ್ತಿನ ಪ್ರೇಮಚಂದ ರಾಯಚಂದರು. ಅವರ ಬುದ್ಧಿಶಕ್ತಿ ಅಸಾಧಾರಣ. ದಾನಬುದ್ಧಿಯೂ ಅಷ್ಟೇ ದೊಡ್ಡದು. ಮುಂಬಯಿ ವಿಶ್ವವಿದ್ಯಾಲಯದ ಆವರಣದಲ್ಲಿ ೧೮೭೮ರಲ್ಲಿ ಪೂರ್ಣಗೊಂಡ ರಾಜಾಬಾಯಿ ಗೋಪುರವು ಅವರು ತಾಯಿಯ ಹೆಸರಿನಲ್ಲಿ ಕೊಟ್ಟ ದಾನದ ಫಲ. ಕಲ್ಕತ್ತ ವಿಶ್ವವಿದ್ಯಾಲಯದ ಪ್ರೇಮಚಂದ ರಾಯಚಂದ ವಿದ್ಯಾರ್ಥಿವೇತನವೂ ಅವರ ಹೆಸರನ್ನು ಉಳಿಸಿದೆ. ಆದರೆ ಶೇರುಗಳನ್ನೇ ಅಡವಿಟ್ಟುಕೊಂಡು ಶೇರು ಕೊಳ್ಳಲು ಸಾಲ ಕೊಡುವ ಅಪಾಯಕಾರಿ ಚಕ್ರವನ್ನು ತಿರುಗಿಸಿದವರಲ್ಲಿಯೂ ಅವರೇ ಮುಂದಾಳಾಗಿದ್ದರು.

ಅಮೆರಿಕದ ಯುದ್ಧ ಮುಗಿದ ಸುದ್ದಿ ಬಂತು. ಹತ್ತಿಯ ಬೆಲೆ ಇಳಿಯಿತು. ಮುಂದಿನ ತಾರೀಖಿಗೆ ಬರೆದುಕೊಟ್ಟ ವಾಯಿದೆಗಳೆಲ್ಲ ೧೮೬೫ರ ಜುಲೈ ೧ರಂದು ಒಮ್ಮೆಗೇ ಪಕ್ವವಾದಾಗ ಕೊಡುವವರಿಲ್ಲದೆ ಪೇಟೆ ಕುಸಿಯಿತು. ೨,೮೫೦ ರೂಪಾಯಿಯವರೆಗೆ ಏರಿದ್ದ ಮುಂಬಯಿ ಬ್ಯಾಂಕಿನ ಶೇರು ೮೭ ರೂಪಾಯಿಗೆ ಇಳಿಯಿತು. ೧೮೬೮ರಲ್ಲಿ ಆ ಬ್ಯಾಂಕಿನ ವ್ಯವಹಾರವನ್ನೇ ಮುಗಿಸಬೇಕಾಯಿತು. ಪ್ರೇಮಚಂದರೂ ಕುಸಿದರು, ಮುಂದೆ ತಾಳ್ಮೆಯಿಂದ ಮತ್ತೆ ಎದ್ದರು. ಆದರೆ ಅವರ ಹೆಸರನ್ನು ನಂಬಿ ಹಣ ಹಾಕಿದ ಸಾಮಾನ್ಯರೆಲ್ಲ ಹಾಗೆ ಏಳಲಿಲ್ಲ.

ಈ ಪ್ರಸಂಗದಿಂದ ನಾವು ಕಲಿಯಬೇಕಾದುದೇನು? ದಾನ ದೊಡ್ಡದು, ನಿಜ. ಆದರೆ ಶ್ರಾವಕಾಚಾರದಲ್ಲಿ ದಾನಕ್ಕೆ ಮೊದಲು ಅಣುವ್ರತಗಳಿವೆ. ಗಳಿಸುವಾಗ ಪರಿಗ್ರಹ ಪರಿಮಾಣವಿಲ್ಲದೆ, ಗಳಿಸಿದ ಮೇಲೆ ದಾನದಿಂದ ಸರಿಪಡಿಸುತ್ತೇನೆಂಬುದು ಕ್ರಮವನ್ನು ತಿರುವುಮುರುವು ಮಾಡಿದಂತೆ. ಕಾಯಿದೆಯು ಹೊಣೆಗೆ ಮಿತಿ ಹಾಕಿದ ಕಾಲದಲ್ಲಿಯೇ ಆಸೆಯ ಮಿತಿಯನ್ನು ಸಡಿಲಬಿಟ್ಟದ್ದು ಮುಂಬಯಿಯ ಅನರ್ಥಕ್ಕೆ ಕಾರಣವಾಯಿತು.

ಉದ್ಯಮಕ್ಕೆ ತಕ್ಕ ರೂಪ

ಹಾಗೆಂದು ನಿಯಮಿತ ಕಂಪನಿಯನ್ನೇ ತ್ಯಜಿಸಬೇಕೆನ್ನುವುದು ಅವಿವೇಕ. ನಮ್ಮ ಸುತ್ತಲಿನ ಚರಿತ್ರೆಯನ್ನೇ ನೋಡಿದರೆ, ಒಂದೊಂದು ಉದ್ಯಮವು ತನ್ನ ಸ್ವಭಾವಕ್ಕೆ ತಕ್ಕ ರೂಪವನ್ನು ಹುಡುಕಿಕೊಂಡುದು ಕಾಣುತ್ತದೆ.

ಅನಗವಾಡಿಯ ಮುಂದೆ ಹರಿಯುವ ಘಟಪ್ರಭೆಯೇ ಮೇಲ್ಗಡೆ ಗೋಕಾಕದಲ್ಲಿ ಜಲಪಾತವಾಗಿ ಧುಮುಕುತ್ತದೆ. ಆ ನೀರಿನ ಬಲದಿಂದ ನೂಲಿನ ಗಿರಣಿ ನಡೆಸಲೆಂದು ೧೮೮೫ರಲ್ಲಿ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಲಿಮಿಟೆಡ್ ಸ್ಥಾಪನೆಯಾಯಿತು. ಅಣೆಕಟ್ಟು, ಯಂತ್ರ, ಕಟ್ಟಡಗಳಿಗೆ ಬೇಕಾದ ಬಂಡವಾಳ ದೂರದಿಂದ ಬರಬೇಕಾಗಿತ್ತು. ಫಲ ಕಾಣಲು ವರ್ಷಗಳು ಬೇಕಾಗಿದ್ದವು. ಅಂಥ ಉದ್ಯಮಕ್ಕೆ ಸೀಮಿತ ಹೊಣೆಯ ಶೇರು ಬಂಡವಾಳವೇ ತಕ್ಕದ್ದಾಗಿತ್ತು.

ಅದಾದ ಇಪ್ಪತ್ತು ವರ್ಷಗಳಿಗೆ ಗದಗಿನ ಸಮೀಪದ ಕಣಗಿನಹಾಳದಲ್ಲಿ ತೀರ ಬೇರೆಯಾದ ಪ್ರಯೋಗ ನಡೆಯಿತು. ಸಿದ್ದನಗೌಡ ಪಾಟೀಲರು ೧೯೦೫ರಲ್ಲಿ ಅಲ್ಲಿ ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವು ೧೯೦೪ರ ಕಾಯಿದೆಯಂತೆ ಹುಟ್ಟಿದ್ದು. ಆ ಕಾಯಿದೆಯು ಗ್ರಾಮೀಣ ಸಂಘಗಳಿಗೆ ಮಿತಿಯಿಲ್ಲದ ಹೊಣೆಯನ್ನೇ ನಿಯಮವಾಗಿಸಿತ್ತು. ಒಬ್ಬ ಸದಸ್ಯ ತಪ್ಪಿದರೆ ಉಳಿದವರೆಲ್ಲರೂ ಹೊಣೆ. ಒಂದೇ ಊರಿನವರು, ಒಬ್ಬರ ಹೊಲ ಮನೆ ನಡತೆಗಳನ್ನು ಇನ್ನೊಬ್ಬರು ಬಲ್ಲವರು. ಆದುದರಿಂದಲೇ ಯಾರಿಗೆ ಎಷ್ಟು ಸಾಲ ಕೊಡಬೇಕೆಂಬ ವಿವೇಕ ಅವರಲ್ಲಿತ್ತು. ಅಡವಿಡಲು ಏನೂ ಇಲ್ಲದ ಬಡ ರೈತನಿಗೆ ಊರಿನ ಒಟ್ಟು ಮಾತೇ ಅಡವಾಯಿತು.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ಲಿನ ವ್ಯಾಪಾರದಿಂದ ಆರಂಭಿಸಿ ಕಬ್ಬಿಣದ ನೇಗಿಲಿಗೆ ಬಂದರು. ೧೯೧೦ರಲ್ಲಿ ಔಂಧ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅದು ನಿಯಮಿತ ಕಂಪನಿಯಾದುದು ೧೯೨೦ರಲ್ಲಿ. ಮೊದಲು ಸರಕಿನ ಗುಣ, ಆಮೇಲೆ ಪೇಟೆಯ ನಂಬಿಕೆ, ಅದರ ನಂತರ ಲಿಮಿಟೆಡ್ ಎಂಬ ಈ ಅನುಕ್ರಮವನ್ನು ನಮ್ಮ ತರುಣರು ಗಮನಿಸಬೇಕು.

ಉಡುಪಿಯಲ್ಲಿ ೧೯೨೫ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಇವರು ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಲಿಮಿಟೆಡ್ ಸ್ಥಾಪಿಸಿದ್ದು ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರ ನೆರವಿಗೆಂದು. ೧೯೨೮ರಲ್ಲಿ ದಿನಕ್ಕೆ ಎರಡಾಣೆ ಕೂಡಿಸುವ ಪಿಗ್ಮಿ ಠೇವಣಿ ಅಲ್ಲಿ ಆರಂಭವಾಯಿತು. ಸಿಂಡಿಕೇಟ್ ಬ್ಯಾಂಕೆಂದು ಬೆಳೆದು ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾದ ಆ ಸಂಸ್ಥೆ ಸಣ್ಣವರ ಹಣವನ್ನು ಸಣ್ಣವರ ಕೆಲಸಕ್ಕೆ ಹರಿಸುವ ಸಾಧನವಾಗಿಯೂ ನಿಯಮಿತ ಕಂಪನಿ ಒದಗಬಲ್ಲದೆಂದು ತೋರಿಸಿತು. ರಬಕವಿ-ಬನಹಟ್ಟಿಯ ಮಗ್ಗಗಳ ಸದ್ದನ್ನು ಕೇಳಿ ಬೆಳೆದವರಿಗೆ ಇದರ ಬೆಲೆ ತಿಳಿದೀತು.

ಇನ್ನು ನಮ್ಮ ಸಮಾಜದ ಸೊಲ್ಲಾಪುರದ ವಾಲಚಂದ ಹಿರಾಚಂದರು. ೧೯೧೯ರಲ್ಲಿ ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾಗಿ, ವಿದೇಶಿ ಹಡಗು ಕಂಪನಿಗಳ ಏಕಸ್ವಾಮ್ಯವನ್ನು ಅವರು ಎದುರಿಸಿದರು. ೧೯೪೦ರ ಡಿಸೆಂಬರಿನಲ್ಲಿ ಮೈಸೂರು ಸರಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ನೋಂದಣಿಯಾದುದೂ ಅವರ ಸಾಹಸದಿಂದಲೇ. ಹಡಗು, ವಿಮಾನಗಳಂಥ ಉದ್ಯಮಗಳನ್ನು ಪೇಢಿಯ ಗಾದಿಯ ಮೇಲೆ ಕುಳಿತು ನಡೆಸಲಾಗದು. ಅಲ್ಲಿ ಸೀಮಿತ ಹೊಣೆ ಅನಿವಾರ್ಯ.

ಕಂಪನಿಗೆ ಜೀವವಿದೆಯೇ?

ಮಿತಿ ಅತಿ ಸಣ್ಣ ವ್ಯವಹಾರಕ್ಕೂ ಅನ್ವಯಿಸಿದಾಗ ಏಳುವ ನೈತಿಕ ಪ್ರಶ್ನೆಯನ್ನು ಲಂಡನ್ನಿನ ಒಂದು ಮೊಕದ್ದಮೆ ಸ್ಪಷ್ಟಪಡಿಸಿತು. ಅರೋನ್ ಸಾಲೊಮನ್ ಎಂಬ ಬೂಟು ತಯಾರಕನು ೧೮೯೨ರಲ್ಲಿ ತನ್ನ ವ್ಯವಹಾರವನ್ನು ಒಂದು ನಿಯಮಿತ ಕಂಪನಿಗೆ ಮಾರಿದ. ಅದರ ಏಳು ಸದಸ್ಯರೆಂದರೆ ಅವನು, ಅವನ ಹೆಂಡತಿ, ಮತ್ತು ಐವರು ಮಕ್ಕಳು. ಮಾರಾಟದ ಬೆಲೆಯ ಒಂದು ಭಾಗವನ್ನು ಅವನು ಕಂಪನಿಯಿಂದ ಸಾಲಪತ್ರವಾಗಿ ಬರೆಸಿಕೊಂಡ. ಕಂಪನಿಯ ಆಸ್ತಿಯೇ ಅದಕ್ಕೆ ಅಡವು. ಮರುವರ್ಷವೇ ಕಂಪನಿ ಮುಳುಗಿತು. ಸರಕು ಕೊಟ್ಟ ವ್ಯಾಪಾರಿಗಳಿಗೆ ಬರಬೇಕಾಗಿದ್ದುದು ಸುಮಾರು ೭,೭೦೦ ಪೌಂಡು; ಅವರ ಪಾಲಿಗೆ ಏನೂ ಉಳಿಯಲಿಲ್ಲ. ಅಡವಿನ ಬಲದಿಂದ ಸಾಲೊಮನ್ನನೇ ಅವರಿಗಿಂತ ಮುಂದೆ ನಿಂತಿದ್ದ. ಇದು ಕಾಯಿದೆಗೆ ಸಮ್ಮತವೆಂದು, ಕಂಪನಿಯು ತನ್ನ ಸದಸ್ಯರಿಂದ ಬೇರೆಯಾದ ವ್ಯಕ್ತಿಯೆಂದು ೧೮೯೬ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ಭಾರತದ ಕಂಪನಿ ಕಾಯಿದೆಯೂ ಈ ತತ್ತ್ವವನ್ನೇ ಅನುಸರಿಸುತ್ತದೆ.

ಕಾಯಿದೆಯ ದೃಷ್ಟಿಯಿಂದ ಕಂಪನಿ ಒಬ್ಬ ವ್ಯಕ್ತಿ. ಜೈನದರ್ಶನದ ದೃಷ್ಟಿಯಿಂದ ಅದಕ್ಕೆ ಜೀವವಿಲ್ಲ, ಚೇತನವಿಲ್ಲ, ಕಷಾಯವಿಲ್ಲ; ಆದುದರಿಂದ ಅದಕ್ಕೆ ಕರ್ಮಬಂಧವೂ ಇಲ್ಲ. ಸಾಲವನ್ನು ಅದರ ಹೆಸರಿಗೆ ಬರೆಯಬಹುದು, ಪಾಪವನ್ನು ಬರೆಯಲಾಗದು. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯಿಂದಲೂ ಕರ್ಮ ಆಸ್ರವಿಸುತ್ತದೆಂದು ನಮ್ಮ ಆಚಾರ್ಯರು ಹೇಳಿದ್ದಾರೆ. ಕಂಪನಿಯಲ್ಲಿ ಈ ಮೂರನ್ನೂ ಗುರುತಿಸುವುದು ಕಷ್ಟವಲ್ಲ. ಕಾರ್ಯನಿರ್ವಾಹಕ ಮಾಡುತ್ತಾನೆ, ನಿರ್ದೇಶಕ ಮಾಡಿಸುತ್ತಾನೆ, ತಿಳಿದೂ ಲಾಭಾಂಶ ಪಡೆದು ಸುಮ್ಮನಿರುವ ಶೇರುದಾರ ಅನುಮೋದಿಸುತ್ತಾನೆ. ಕಾಯಿದೆ ಎಳೆದ ಗೆರೆಯು ಹಣಕ್ಕೆ ಅಡ್ಡ ಬಂದೀತು, ಭಾವಕ್ಕೆ ಅಡ್ಡ ಬಾರದು.

ಕಾಯಿದೆ ಕೂಡ ವಂಚಕನಿಗೆ ಪೂರ್ಣ ರಕ್ಷಣೆ ಕೊಡುವುದಿಲ್ಲವೆಂಬುದು ತಿಳಿದಿರಲಿ. ಸಾಲ ಕೊಟ್ಟವರನ್ನು ವಂಚಿಸುವ ಉದ್ದೇಶದಿಂದ ವ್ಯವಹಾರ ನಡೆಸಿದರೆ, ಕಂಪನಿ ಮುಚ್ಚುವಾಗ ಅಂಥವರ ಮೇಲೆ ವೈಯಕ್ತಿಕವಾಗಿ, ಮಿತಿಯಿಲ್ಲದೆ ಹೊಣೆ ಹೊರಿಸಲು ೨೦೧೩ರ ಕಂಪನಿ ಕಾಯಿದೆ ಅವಕಾಶ ಕೊಡುತ್ತದೆ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿರುವ ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರಗಳನ್ನು ಇಲ್ಲಿ ನೆನೆಯಬೇಕು. ಮೊದಲನೆಯದು ಸುಳ್ಳು ಬರಹ, ಎರಡನೆಯದು ನಂಬಿ ಇಟ್ಟದ್ದನ್ನು ಅಪಹರಿಸುವುದು. ಸುಳ್ಳು ಜಮಾಖರ್ಚು ಮೊದಲನೆಯದರಲ್ಲಿ ಸೇರುತ್ತದೆ. ಕೊಡಲಾರೆನೆಂದು ತಿಳಿದೂ ರೈತನ ಮಾಲನ್ನು ಉದ್ದರಿ ಇಳಿಸಿಕೊಳ್ಳುವುದು ಎರಡನೆಯದಕ್ಕೆ ದೂರವಲ್ಲ.

ಮಿತಿಯ ಭಾರ ಯಾರಿಗೆ?

ಈಗ ಆ ತರುಣರ ಗಿರಣಿಗೆ ಬರೋಣ. ಬ್ಯಾಂಕು ಸಾಲ ಕೊಡುವಾಗ ಯಂತ್ರ, ಕಟ್ಟಡಗಳನ್ನು ಅಡವಿಟ್ಟುಕೊಂಡು, ಜೊತೆಗೆ ನಿರ್ದೇಶಕರ ವೈಯಕ್ತಿಕ ಜಾಮೀನನ್ನೂ ಸಾಮಾನ್ಯವಾಗಿ ಕೇಳುತ್ತದೆ. ಆ ಸಹಿ ಬಿದ್ದ ಮೇಲೆ ಬ್ಯಾಂಕಿನ ಮಟ್ಟಿಗೆ ಹೊಣೆಗೆ ಮಿತಿಯೇ ಉಳಿಯುವುದಿಲ್ಲ. ಮನೆ, ಹೊಲ ಉಳಿಯುತ್ತವೆಂಬ ಭರವಸೆ ಅಲ್ಲಿಗೆ ಮುಗಿಯಿತು. ಮಿತಿ ಉಳಿಯುವುದು ಯಾರಿಗೆ? ಜಾಮೀನು ಕೇಳಲು ತಿಳಿಯದ, ಕೇಳುವ ಬಲವಿಲ್ಲದ ರೈತನಿಗೆ, ಚೀಲ ಹೊಲಿಯುವವನಿಗೆ, ಗಾಡಿಯವನಿಗೆ. ೨೦೧೬ರ ದಿವಾಳಿ ಸಂಹಿತೆಯ ಪ್ರಕಾರ ಮುಳುಗಿದ ಕಂಪನಿಯ ಆಸ್ತಿ ಮಾರಿ ಬಂದ ಹಣದಲ್ಲಿ ಮೊದಲು ಪ್ರಕ್ರಿಯೆಯ ವೆಚ್ಚ; ನಂತರ ಅಡವು ಹಿಡಿದವರು ಮತ್ತು ಕಾರ್ಮಿಕರ ೨೪ ತಿಂಗಳ ಬಾಕಿ; ಆಮೇಲೆ ಇತರ ನೌಕರರು, ಅಡವಿಲ್ಲದೆ ಹಣ ಕೊಟ್ಟವರು, ಸರಕಾರದ ಬಾಕಿ. ಉದ್ದರಿ ಮಾಲು ಕೊಟ್ಟವನ ಸರದಿ ಇವರೆಲ್ಲರ ನಂತರ. ಬಲಿಷ್ಠನ ಮುಂದೆ ಹೊಣೆ ಪೂರ್ಣ, ದುರ್ಬಲನ ಮುಂದೆ ಹೊಣೆ ಸೀಮಿತ. ಸಾಲೊಮನ್ನನ ಕಾಲದಿಂದ ಇಂದಿನವರೆಗೆ ಮುಚ್ಚಿಕೊಂಡೇ ಬಂದ ಸತ್ಯವಿದು.

ದುರ್ಬಲನನ್ನು ರಕ್ಷಿಸಲು ಸರಕಾರವೂ ಯತ್ನಿಸಿದೆ. ೧೯೬೬ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಕೊಟ್ಟ ೧೪ ದಿನಗಳೊಳಗೆ ಹಣ ಸಲ್ಲಬೇಕು, ತಡವಾದರೆ ಶೇಕಡ ೧೫ರ ಬಡ್ಡಿ ಸೇರಬೇಕು. ಸಣ್ಣ ಉದ್ದಿಮೆಗಳ ಬಾಕಿಗೆ ೨೦೦೬ರ ಕಾಯಿದೆಯು ಹೆಚ್ಚೆಂದರೆ ೪೫ ದಿನಗಳ ಗಡುವನ್ನು ಹಾಕಿದೆ. ಆದರೆ ಆದೇಶವೇ ಹಣವಲ್ಲ ಎಂಬುದು ಕಬ್ಬಿನ ಬಾಕಿಗಾಗಿ ಕಾದ ಮುಧೋಳ, ಜಮಖಂಡಿ ಸೀಮೆಯ ರೈತರಿಗೆ ಹೇಳಿಕೊಡಬೇಕಾದ ಮಾತಲ್ಲ.

ಆದುದರಿಂದ ಉದ್ಯಮಕ್ಕೆ ತಕ್ಕ ರೂಪವನ್ನು ಆರಿಸುವಾಗ ತೆರಿಗೆ, ಶುಲ್ಕಗಳಿಗಿಂತ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಉದ್ಯಮ ಕೆಟ್ಟರೆ ನಷ್ಟ ಹೊರುವವರು ಯಾರು, ಅವರಿಗೆ ಇದರಲ್ಲಿ ಮಾತಿನ ಹಕ್ಕಿದೆಯೇ? ಇಬ್ಬರು ಮೂವರು ತಮ್ಮ ಹಣ, ತಮ್ಮ ವಿದ್ಯೆಯಿಂದ ನಡೆಸುವ ಸೇವಾವೃತ್ತಿಗೆ ೨೦೦೮ರ ಕಾಯಿದೆಯ ಸೀಮಿತ ಹೊಣೆಯ ಪಾಲುದಾರಿಕೆ ಸಾಕು. ಒಬ್ಬನೇ ನಡೆಸುವವನಿಗೆ ೨೦೧೩ರ ಕಾಯಿದೆಯು ಏಕವ್ಯಕ್ತಿ ಕಂಪನಿಯನ್ನು ಕೊಟ್ಟಿದೆ. ಯಂತ್ರಕ್ಕೆ ಬಂಡವಾಳ ಬೇಕಾಗಿ, ಮುಂದೆ ಹೊಸ ಪಾಲುದಾರರು ಸೇರಬಹುದಾದ ಉದ್ಯಮಕ್ಕೆ ಖಾಸಗಿ ನಿಯಮಿತ ಕಂಪನಿ ತಕ್ಕದ್ದು. ಅದಕ್ಕೆ ಇಬ್ಬರು ಸದಸ್ಯರು ಸಾಕು, ೨೦೦ನ್ನು ಮೀರುವಂತಿಲ್ಲ. ಕಚ್ಚಾ ಮಾಲೆಲ್ಲ ರೈತರಿಂದಲೇ ಬರುವ ಉದ್ಯಮಕ್ಕೆ ೨೦೦೨ರಲ್ಲಿ ಕಾಯಿದೆಗೆ ಸೇರಿದ ಉತ್ಪಾದಕ ಕಂಪನಿಯೆಂಬ ರೂಪವಿದೆ. ಹತ್ತು ಜನ ಉತ್ಪಾದಕರು ಸೇರಿ ಕಟ್ಟಬಹುದಾದ ಈ ಕಂಪನಿಯಲ್ಲಿ ಶೇರು ಎಷ್ಟೇ ಇರಲಿ, ರೈತ ಸದಸ್ಯನೊಬ್ಬನಿಗೆ ಒಂದೇ ಮತ. ಇಲ್ಲಿ ಹೊಣೆಯೂ ಸೀಮಿತ, ನಷ್ಟ ಹೊರುವವನಿಗೆ ಸಭೆಯಲ್ಲಿ ದನಿಯೂ ಉಂಟು. ಕಣಗಿನಹಾಳದ ಪರಸ್ಪರ ಪರಿಚಯ ಮತ್ತು ಗೋಕಾಕದ ಕಂಪನಿ ರೂಪ ಎರಡರ ಗುಣವೂ ಇದರಲ್ಲಿ ಸ್ವಲ್ಪ ಸ್ವಲ್ಪ ಕೂಡಿದೆ.

ಉತ್ತರ

ಆ ತರುಣನಿಗೆ ನಾನು ಹೇಳಬೇಕಾಗಿದ್ದುದು ಇಷ್ಟು. ತಮ್ಮಾ, ಲಿಮಿಟೆಡ್ ಮಾಡಿಕೊಳ್ಳುವುದು ಅಧರ್ಮವಲ್ಲ. ಮಳೆ ತಪ್ಪಿ, ಪೇಟೆ ಬಿದ್ದು, ನಿನ್ನ ತಪ್ಪಿಲ್ಲದೆ ಗಿರಣಿ ನಿಂತರೆ ನಿನ್ನ ಮಕ್ಕಳು ಬೀದಿಗೆ ಬೀಳಬಾರದೆಂದು ಕಾಯಿದೆ ಕೊಟ್ಟ ಆಶ್ರಯವದು, ಅದನ್ನು ಪಡೆ. ಸಾಧ್ಯವಿದ್ದರೆ ಮಾಲು ಕೊಡುವ ರೈತರನ್ನೂ ಸದಸ್ಯರನ್ನಾಗಿ ಮಾಡಿಕೊಂಡು ಉತ್ಪಾದಕ ಕಂಪನಿಯನ್ನೇ ಕಟ್ಟು. ಮೂವರೇ ನಡೆಸುವುದಾದರೆ ಖಾಸಗಿ ಕಂಪನಿ ಮಾಡಿಕೋ. ಆದರೆ ನಿನ್ನ ಕೈಯಲ್ಲಿರುವ ಹಣಕ್ಕಿಂತ ಹೆಚ್ಚು ಮಾಲನ್ನು ಉದ್ದರಿ ತರುವುದಿಲ್ಲವೆಂದು ಪರಿಮಾಣ ಮಾಡಿಕೋ. ಸುಗ್ಗಿಯಲ್ಲಿ ಬಂದ ಲಾಭದ ಒಂದು ಪಾಲನ್ನು ರೈತರ ಬಾಕಿಗೆಂದೇ ತೆಗೆದಿಡು, ಆ ಹಣ ತುಂಬುವ ಮೊದಲು ಲಾಭಾಂಶವನ್ನು ಮನೆಗೆ ಒಯ್ಯಬೇಡ. ಗಿರಣಿ ಸೋಲುತ್ತಿದೆಯೆಂದು ಲೆಕ್ಕ ಹೇಳಿದ ದಿನವೇ ಹೊಸ ಉದ್ದರಿಯನ್ನು ನಿಲ್ಲಿಸು. ಆ ಒಂದು ದಿನದ ಸತ್ಯವೇ ನಿನ್ನ ಶ್ರಾವಕತ್ವದ ಪರೀಕ್ಷೆ.

ಇಷ್ಟಾಗಿಯೂ ಗಿರಣಿ ಮುಚ್ಚಿ ಬಾಕಿ ಉಳಿದರೆ? ಕಾಯಿದೆಯು ನಿನ್ನನ್ನು ಬಿಟ್ಟಿದೆ; ಕೈಯಲ್ಲಿ ಮತ್ತೆ ಹಣ ಕೂಡಿದಾಗ ಆ ಬಾಕಿಯನ್ನು ನೆನೆಯುವುದೋ ಬಿಡುವುದೋ ನಿನಗೆ ಸೇರಿದ್ದು. ಮೊದಲು ಬ್ಯಾಂಕಿನದಲ್ಲ, ಚೀಟಿಯನ್ನೂ ಬರೆಸಿಕೊಳ್ಳದೆ ಕಡಲೆ ಅಳೆದುಕೊಟ್ಟವನದನ್ನು ನೆನೆ. ಗಿರಣಿಯ ಫಲಕದ ಮೇಲೆ ‘ಲಿಮಿಟೆಡ್’ ಎಂದು ಬರೆಸುವಾಗ ಆ ಪದ ನಿನ್ನ ಹೊಣೆಗೆ ಮಾತ್ರವಲ್ಲ, ನಿನ್ನ ಆಸೆಗೂ ಅನ್ವಯಿಸಲಿ.